ಮಗಳು ಮನೆಯಲ್ಲಿದ್ದಾಳೆ, ಸುಮ್ಮನೆ ಕೂತಿಲ್ಲ

‘ಮಗಳನ್ನು ಕಾಲೇಜಿಗೆ ಕಳಿಸಲಿಲ್ವಾ? ಹಾಗಾದ್ರೆ ಮದುವೆ ಯಾವಾಗ?’

ಕಳೆದ ವರ್ಷ ಹೋದಲ್ಲೆಲ್ಲ ನನಗೆ ಎದುರಾದ ಪ್ರಶ್ನೆ ಇದು. ಎಸೆಸೆಲ್ಸಿ ಮುಗಿಸಿದ ಮಗಳಿಗೆ ಜೂನ್‌ನಲ್ಲಿ ಕಾಮಾಲೆ ಬಂತು. ಚೇತರಿಸುವಷ್ಟರಲ್ಲಿ ಕಾಲೇಜಿನ ಪ್ರವೇಶ ಮುಗಿದಿತ್ತು. ನಮ್ಮಲ್ಲಿ ಹದಿನಾರರ ಹುಡುಗಿ ಮನೆಯಲ್ಲಿದ್ದರೆ ಅವಳ ಓದು ಮುಗಿಯಿತು ಎಂದೇ ಲೆಕ್ಕ.

ಅವಳಿಗೆ ಓದು ನಿಲ್ಲಿಸಲು ಮನಸ್ಸಿರಲಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹನ್ನೆರಡನೇ ತರಗತಿಗೆ ಹೆಸರು ನೋಂದಾಯಿಸಿದೆವು. ಐದು ವಿಷಯ ಪಾಸಾಗಬೇಕು, ಒಮ್ಮೆ ನೋಂದಾಯಿಸಿದರೆ ಐದು ವರ್ಷ ಅವಕಾಶ ಉಂಟು. ಬೆಳಿಗ್ಗೆ ಪಾಠಪುಸ್ತಕ. ಅಸರ್ ನಮಾಝ್ ಆದ ಮೇಲೆ ಚಾವಡಿಯಲ್ಲಿ ಒಂದು ಗಂಟೆ ಕಾದಂಬರಿ. ಅವಳು ಓದುವುದು, ನಾನು ಮತ್ತು ನನ್ನ ಉಮ್ಮ ಕೇಳುವುದು. ಉಮ್ಮ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು.

ಮೊದಲು ಓದಿದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ. ‘ಎತ್ತು ಉಂಟು, ದುಡಿಯುವ ಮೈ ಉಂಟು, ಮತ್ತೆ ಭೂಮಿ ಕೊಡ್ಲಿಕ್ಕೆ ಎಂತ ಕಷ್ಟ?’ ಎಂದು ಮಗಳು ಕೇಳಿದಳು. ಉತ್ತರ ಕೊಟ್ಟದ್ದು ಉಮ್ಮ. ಅವರ ಬಾಪ ಗೇಣಿಗೆ ಗದ್ದೆ ಮಾಡುತ್ತಿದ್ದರು. 1974ರ ಭೂಸುಧಾರಣೆಯ ನಂತರ ಡಿಕ್ಲರೇಷನ್ ಕೊಡಲು ಹೋಗುವಾಗ ಅವರ ಕೈ ನಡುಗಿತ್ತಂತೆ. ಗೇಣಿಯೂ ಸಿಗದವನ ಪಾಡು ಎಂತದೆಂದು ಅಂದು ಮಗಳಿಗೆ ಅರ್ಥವಾಯಿತು. ಆ ಕಥೆ ನಾನೂ ಕೇಳಿದ್ದು ಅದೇ ಮೊದಲು.

ಆಮೇಲೆ ಬಷೀರರ ‘ಪಾತುಮ್ಮಾದ ಆಡು’. ನಾನು ಗಡಿಭಾಗದಲ್ಲಿ ಓದಿದವಳು, ಮಲಯಾಳಂ ಬರುತ್ತದೆ. ಮೂಲವನ್ನೇ ಓದಿದೆ. ಬ್ಯಾರಿ ಮಾತಾಡುವ ಉಮ್ಮನಿಗೆ ಅನುವಾದವೇ ಬೇಕಾಗಲಿಲ್ಲ. ಬಷೀರರು ಬರೆದ ಪುಸ್ತಕವನ್ನೇ ಆಡು ತಿನ್ನುವಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದುವಾಗ. ಬಾಪನ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಗಂಡನ ಬಳಿಗೆ ಮರಳಲು ಮಧ್ಯೆ ಇನ್ನೊಬ್ಬನನ್ನು ಮದುವೆಯಾಗಬೇಕು ಎನ್ನುತ್ತಾರೆ. ಪುಸ್ತಕ ಮುಚ್ಚಿ ಮಗಳು ಕೇಳಿದಳು: ‘ನಿನಗೆ ಎಂತ ಬೇಕು ಅಂತ ಅವಳನ್ನು ಯಾರೂ ಕೇಳಲೇ ಇಲ್ಲ ಅಲ್ವಾ ಉಮ್ಮಾ?’

ನಾನು ಉತ್ತರ ಹುಡುಕುತ್ತಿದ್ದೆ. ಉಮ್ಮ ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಬಡಿಸುವಾಗ ‘ನನ್ನನ್ನೂ ಕೇಳಿರ್ಲಿಲ್ಲ’ ಎಂದಷ್ಟೇ ಹೇಳಿದರು. ಶಾಲೆ ಬಿಡಿಸಿದ್ದರ ಬಗ್ಗೆಯೋ, ಮದುವೆಯ ಬಗ್ಗೆಯೋ, ನಾವು ಕೇಳಲಿಲ್ಲ.

ತಿಂಗಳೊಳಗೆ ದೂರದ ಸಂಬಂಧಿಯೊಬ್ಬರು ಒಂದು ಪ್ರಸ್ತಾಪ ತಂದರು. ಹುಡುಗ ಗಲ್ಫಿನಲ್ಲಿ, ಒಳ್ಳೆ ಸಂಬಳ, ಮನೆತನವೂ ಒಳ್ಳೆಯದು. ಮೊದಲಾದರೆ ಉಮ್ಮನೇ ‘ಆಗಲಿ’ ಎನ್ನುತ್ತಿದ್ದರು. ಅಂದು, ‘ಅವಳಿನ್ನೂ ಮಗು, ಓದ್ತಾ ಇದ್ದಾಳೆ. ಓದು ಮುಗಿದ ಮೇಲೆ ಅವಳನ್ನೇ ಕೇಳಿ ಹೇಳ್ತೇವೆ’ ಎಂದು ಚಾ ಕೊಟ್ಟು ಕಳಿಸಿದರು.

ಎಲ್ಲ ಮಕ್ಕಳೂ ಮನೆಯಲ್ಲೇ ಕಲಿಯಲಿ ಎಂದು ನಾನು ಹೇಳುವುದಿಲ್ಲ. ಗೆಳತಿಯರಿಲ್ಲದೆ ಮಗಳು ಬೇಸರಪಟ್ಟ ದಿನಗಳು ಬೇಕಷ್ಟಿವೆ. ಲೆಕ್ಕಶಾಸ್ತ್ರಕ್ಕೆ ಟ್ಯೂಷನ್ ಬೇಕಾಯಿತು. ಆದರೆ ಮನೆಯಲ್ಲಿ ಕಲಿಸುವುದು ಬೇರೆ, ಮನೆಯಲ್ಲಿ ಕೂರಿಸುವುದು ಬೇರೆ. ಯಾವುದೋ ಕಾರಣಕ್ಕೆ ಓದು ನಿಂತ ಹೆಣ್ಣುಮಗಳು ನಿಮ್ಮ ಮನೆಯಲ್ಲೂ ಇದ್ದರೆ, ದಾರಿ ಮುಚ್ಚಿಲ್ಲ ಎಂದು ಅವಳಿಗೆ ಹೇಳಿ.

ಅಸರ್ ಆದ ಮೇಲೆ ಈಗ ಚಾವಡಿಯಲ್ಲಿ ಮೊದಲು ಬಂದು ಕೂರುವುದು ಉಮ್ಮ. ಕನ್ನಡಕ ಒರೆಸಿಕೊಂಡು, ಒಂದು ಪುಟ ತಾವೇ ಓದುತ್ತಾರೆ, ಅಕ್ಷರಕ್ಕೆ ಅಕ್ಷರ ಕೂಡಿಸಿ. ತಪ್ಪಿದರೆ ತಿದ್ದಲು ಮೊಮ್ಮಗಳಿದ್ದಾಳೆ.