ಪಹಣಿಯಿಂದ ಪಾಸ್‌ಬುಕ್‌ವರೆಗೆ: ಕಡೂರು ಸೀಮೆಯ ರೈತರಿಗೆ ಸರ್ಕಾರದ ನೆರವು ತಲುಪುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ರೈತರ ಕೈಸೇರಬೇಕಾದ ಸರ್ಕಾರದ ಹಣ ಎಷ್ಟೋ ಸಲ ಪಹಣಿಯಲ್ಲೇ ಸಿಕ್ಕಿಕೊಳ್ಳುತ್ತದೆ. ತೀರಿಕೊಂಡು ಇಪ್ಪತ್ತು ವರ್ಷವಾದ ಅಜ್ಜನ ಹೆಸರೇ ಇನ್ನೂ ಖಾತೆಯಲ್ಲಿರುತ್ತದೆ. ಅಣ್ಣತಮ್ಮಂದಿರು ಹೊಲಕ್ಕೆ ಬದು ಹಾಕಿ ಬೇರೆಯಾಗಿದ್ದರೂ ಕಾಗದದಲ್ಲಿ ಜಂಟಿಯಾಗಿಯೇ ಉಳಿದಿರುತ್ತಾರೆ. ಹೀಗಿದ್ದಾಗ ಬಿತ್ತನೆ ಬೀಜದ ರಿಯಾಯಿತಿಯಿಂದ ಹಿಡಿದು ಬರ ಪರಿಹಾರದವರೆಗೆ ಎಲ್ಲವೂ ತಡವರಿಸುತ್ತವೆ. ಹೊಸ ಯೋಜನೆ ಯಾವುದು ಬಂತು ಎಂದು ವಿಚಾರಿಸುವ ಮೊದಲು ಪಹಣಿಯನ್ನು ಸರಿಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ಮುಖ್ಯ ಮಾತು.

ಮೂರೂ ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಯವೇ ಆದರೂ ಕೃಷಿ ಒಂದೇ ಬಗೆಯದಲ್ಲ. ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯೇ ಇದೆ, ಅಡಿಕೆ ತೋಟ ಹಬ್ಬಿದೆ. ಅಜ್ಜಂಪುರ, ಶಿವನಿ ಕಡೆ ಈರುಳ್ಳಿ, ಆಲೂಗಡ್ಡೆ. ಕಡೂರಿನ ಪಂಚನಹಳ್ಳಿ, ಸಿಂಗಟಗೆರೆ, ಯಗಟಿ ಭಾಗ ಮಳೆ ನಂಬಿದ ರಾಗಿ, ತೆಂಗಿನ ಸೀಮೆ. ಹಾಗಾಗಿ ಒಬ್ಬರಿಗೆ ಬೆಂಬಲ ಬೆಲೆ ಮುಖ್ಯ, ಇನ್ನೊಬ್ಬರಿಗೆ ವಿಮೆ.

ಸಂವಿಧಾನದ ಪ್ರಕಾರ ಕೃಷಿ ರಾಜ್ಯದ ವಿಷಯ. ಆದರೂ ದೊಡ್ಡ ಯೋಜನೆಗಳಲ್ಲಿ ಕೇಂದ್ರದ ಹಣ, ರಾಜ್ಯದ ಹಣ ಎರಡೂ ಸೇರಿರುತ್ತವೆ. ಇಬ್ಬರಲ್ಲಿ ಒಬ್ಬರ ಪಾಲು ತಡವಾದರೂ ಕೆಲಸ ನಿಲ್ಲುತ್ತದೆ. ಅಜ್ಜಂಪುರದ ಬಳಿ ಸುರಂಗ ಕೊರೆದು ನೀರು ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಆಮೇಲೆ ವರ್ಷಗಟ್ಟಲೆ ದೂರುತ್ತಲೇ ಇತ್ತು.

ಈಗ ಕಾಗದಕ್ಕೆ ಬರೋಣ. ರಾಜ್ಯದಲ್ಲಿ ರೈತನ ಗುರುತು ‘ಫ್ರೂಟ್ಸ್’ ತಂತ್ರಾಂಶದಲ್ಲಿ ಸಿಗುವ ಎಫ್‌ಐಡಿ ಸಂಖ್ಯೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೊ, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ತೋಟಗಾರಿಕೆ, ರೇಷ್ಮೆ, ಪಶುಪಾಲನಾ ಇಲಾಖೆಯಲ್ಲೂ ಆಗುತ್ತದೆ. ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯೇ ಎಂದು ಕೇಳಿ ನೋಡಿ. ಹೊಲ ಒಂದು ಊರಲ್ಲಿ, ತೋಟ ಪಕ್ಕದೂರಲ್ಲಿ ಇದ್ದವರ ಎಫ್‌ಐಡಿಯಲ್ಲಿ ಒಂದೇ ನಂಬರು ಸೇರಿರುವುದುಂಟು. ಬರ ಬಂದಾಗ ಪರಿಹಾರ ಲೆಕ್ಕವಾಗುವುದು ಸೇರಿದ ಜಮೀನಿಗೆ ಮಾತ್ರ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯನ್ನೂ ಮುಂದೂಡಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರುವರಿ 1ರೊಳಗೆ ಜಮೀನು ಹೆಸರಿಗೆ ಇದ್ದವರಿಗಷ್ಟೇ ಅವಕಾಶ. ಆ ದಿನದ ನಂತರ ಕೊಂಡವರಿಗೆ ಇಲ್ಲ, ಅಪ್ಪ ಅಮ್ಮ ತೀರಿಕೊಂಡು ವಾರಸಾಗಿ ಬಂದವರಿಗೆ ಉಂಟು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಕುಟುಂಬಕ್ಕೆ ಒಂದೇ ಪಾಲು.

ಪಹಣಿಯಷ್ಟೇ ತೂಕದ್ದು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲೂ ಹೊಲದಲ್ಲಿ ನಿಂತು ಮೊಬೈಲ್ ಆ್ಯಪಿನಲ್ಲಿ ಬೆಳೆಯ ಫೋಟೊ ತೆಗೆದು ದಾಖಲಿಸುತ್ತಾರೆ. ಗ್ರಾಮದ ಖಾಸಗಿ ನಿವಾಸಿ ಎಂದು ಕರೆಯುವ ಯುವಕರು ಇದನ್ನು ಮಾಡುತ್ತಾರೆ, 2020ರಿಂದ ರೈತರೇ ಮಾಡಿಕೊಳ್ಳಲೂ ಅವಕಾಶವಿದೆ. ಕಡೂರಿನ ಕಡೆ ತೆಂಗಿನ ಸಾಲುಗಳ ನಡುವೆ ರಾಗಿ ಬಿತ್ತುವವರು ಬಹಳ. ಸಮೀಕ್ಷೆಯಲ್ಲಿ ತೆಂಗು ಮಾತ್ರ ಬರೆದಿದ್ದರೆ ಆ ರಾಗಿ ಸರ್ಕಾರದ ಲೆಕ್ಕಕ್ಕೆ ಬೆಳೆದೇ ಇಲ್ಲ. ‘ಬೆಳೆ ದರ್ಶಕ’ ಆ್ಯಪಿನಲ್ಲಿ ನಿಮ್ಮ ನಂಬರಿಗೆ ಏನು ಬರೆದಿದ್ದಾರೆಂದು ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಇದನ್ನು ಪೈರು ಹೊಲದಲ್ಲಿದ್ದಾಗಲೇ ಮಾಡಬೇಕು. ಕೊಯ್ಲಾದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಈ ದಾಖಲೆ ಮೊದಲು ಕೆಲಸಕ್ಕೆ ಬರುವುದು ರಾಗಿ ಖರೀದಿ ಕೇಂದ್ರದಲ್ಲಿ. ರಾಗಿಯ ಬೆಂಬಲ ಬೆಲೆ 2023–24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ ಇತ್ತು, 2024–25ರಲ್ಲಿ 4,290, 2025–26ರಲ್ಲಿ 4,886ಕ್ಕೆ ಏರಿತು. ಎಫ್‌ಐಡಿ ಕೊಟ್ಟು ಹೆಸರು ನೋಂದಾಯಿಸಬೇಕು, ಸಮೀಕ್ಷೆಯಲ್ಲಿರುವ ರಾಗಿಯ ವಿಸ್ತೀರ್ಣಕ್ಕೆ ತಕ್ಕಷ್ಟು ಕ್ವಿಂಟಲ್ ಮಾತ್ರ ತೆಗೆದುಕೊಳ್ಳುತ್ತಾರೆ. ಒಬ್ಬರಿಂದ ಗರಿಷ್ಠ ಎಷ್ಟು ಎಂಬ ಮಿತಿಯನ್ನು ಆಯಾ ವರ್ಷದ ಆದೇಶ ಹೇಳುತ್ತದೆ. 2021–22ರಲ್ಲಿ ಅದು ಎಕರೆಗೆ 10 ಕ್ವಿಂಟಲ್, ಒಬ್ಬರಿಗೆ 20 ಕ್ವಿಂಟಲ್ ಇತ್ತು. ಕಾಳು ಒಣಗಿಸಿ, ತೂರಿ, ಕಲ್ಲು ಕಸ ತೆಗೆದು ಒಯ್ಯಿರಿ. ಗುಣಮಟ್ಟದಲ್ಲಿ ತಿರಸ್ಕಾರವಾದರೆ ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ ತೆರಬೇಕಾಗುತ್ತದೆ. ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಮನೆಯಲ್ಲಿ ಮೂರು ಪಾಸ್‌ಬುಕ್ ಇದ್ದರೆ ಆಧಾರ್ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲೇ ಕೇಳಿ ತಿಳಿದುಕೊಳ್ಳಿ.

ಉಂಡೆ ಕೊಬ್ಬರಿಗೂ ಇದೇ ದಾರಿ. 2024ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು, ರಾಜ್ಯ ಅದರ ಮೇಲೆ 1,500 ಸೇರಿಸಿ ಕೊಟ್ಟಿತು. ಮರುವರ್ಷ ತಿಪಟೂರು ಮಾರುಕಟ್ಟೆಯ ದರವೇ ಬೆಂಬಲ ಬೆಲೆಯ ಎರಡು ಪಟ್ಟು ದಾಟಿದ್ದರಿಂದ ಖರೀದಿ ಕೇಂದ್ರ ಯಾರಿಗೂ ಬೇಕಾಗಲಿಲ್ಲ. ಈರುಳ್ಳಿ, ಆಲೂಗಡ್ಡೆ ಬೆಳೆಯುವವರಿಗೆ ಇಂಥ ಖಾಯಂ ಬೆಂಬಲ ಬೆಲೆ ಇಲ್ಲ. ಶಿವನಿ ಸುತ್ತಿನವರಿಗೆ ಇದು ದೊಡ್ಡ ಕೊರತೆ. ತೋಟಗಾರಿಕೆ ಇಲಾಖೆ ಈರುಳ್ಳಿ ಶೇಖರಣಾ ಘಟಕಕ್ಕೆ ಸಹಾಯಧನ ಕೊಡುತ್ತದೆ, ಬೆಲೆ ಬಿದ್ದಾಗ ಕೆಲವು ವಾರ ತಡೆದುಕೊಳ್ಳಲು ಅಷ್ಟು ಸಾಕಾಗಬಹುದು.

ಅಡಿಕೆಗೂ ಬೆಂಬಲ ಬೆಲೆ ಇಲ್ಲ, ಅಲ್ಲಿ ಹವಾಮಾನ ಆಧಾರಿತ ವಿಮೆಯೇ ಆಸರೆ. ಇದು ನಡೆಯುವ ರೀತಿ ಗೊತ್ತಿಲ್ಲದೆ ಜಗಳಗಳಾಗುತ್ತವೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಕೊಳೆರೋಗ ಎಷ್ಟು ಬಂತು ಎಂದು ಯಾರೂ ಬಂದು ನೋಡುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ಇಂತಿಷ್ಟು ದಿನ ಅತಿ ಮಳೆ ಅಥವಾ ಮಳೆಯ ಕೊರತೆ ತೋರಿಸಿದರೆ, ಒಪ್ಪಂದದಲ್ಲಿರುವ ಲೆಕ್ಕದಂತೆ ಆ ಪಂಚಾಯಿತಿಯಲ್ಲಿ ವಿಮೆ ಕಟ್ಟಿದವರೆಲ್ಲರಿಗೂ ಹಣ ಬರುತ್ತದೆ. ದೂರು ಕೊಡಬೇಕಿಲ್ಲ. ಆದರೆ ಪಕ್ಕದ ಪಂಚಾಯಿತಿಗೆ ಬಂದದ್ದು ನಿಮಗೆ ಬಾರದೇ ಇರಬಹುದು. ಕಳೆದ ಕೆಲವು ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮೆಗೆ ರೈತ ಕಟ್ಟಬೇಕಾದ ಕಂತು ಶೇಕಡ 5, ಅಂದರೆ 6,400 ರೂಪಾಯಿ. ಎಕರೆಗೆ ಸುಮಾರು 2,600.

ರಾಗಿಯ ಫಸಲ್ ಬಿಮಾ ಬೇರೆ ಬಗೆಯದು. ಮುಂಗಾರಿನಲ್ಲಿ ರೈತನ ಪಾಲು ಶೇಕಡ 2. ಪಂಚಾಯಿತಿಯಲ್ಲಿ ಆಯ್ದ ಕೆಲವು ಹೊಲಗಳಲ್ಲಿ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಖಾತರಿ ಇಳುವರಿ ಎಕರೆಗೆ 8 ಕ್ವಿಂಟಲ್ ಎಂದಿಟ್ಟುಕೊಳ್ಳಿ, ಬಂದದ್ದು 6 ಆದರೆ ಕೊರತೆ ಕಾಲು ಭಾಗ, ವಿಮಾ ಮೊತ್ತದ ಕಾಲು ಭಾಗ ಸಿಗುತ್ತದೆ. ಆಲಿಕಲ್ಲು ಮಳೆ ನಿಮ್ಮೊಬ್ಬರ ಹೊಲಕ್ಕೇ ಬಡಿದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು. ಕಟಾವು ಪ್ರಯೋಗದ ದಿನ ಊರಿನವರು ಹೊಲದಲ್ಲಿ ಹಾಜರಿದ್ದು ತೂಕ ನೋಡುವುದು ಒಳ್ಳೆಯದು. ಇಡೀ ಪಂಚಾಯಿತಿಯ ಪರಿಹಾರ ಆ ತಕ್ಕಡಿಯ ಮೇಲಿರುತ್ತದೆ.

ವಿಮೆ ಕಟ್ಟದವರಿಗೂ ಸಿಗುವುದು ಬರ ಪರಿಹಾರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಕಡೂರೂ ಅದರಲ್ಲಿತ್ತು. ವಿಪತ್ತು ಪರಿಹಾರ ನಿಧಿಯ ದರ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಖುಷ್ಕಿ ರಾಗಿಗೆ ಎಕರೆ ಲೆಕ್ಕದಲ್ಲಿ 3,400 ರೂಪಾಯಿಯಷ್ಟಾಯಿತು. ಉಳುಮೆ, ಬೀಜ, ಗೊಬ್ಬರದ ಖರ್ಚಿನ ಮುಂದೆ ಇದು ತೀರಾ ಕಡಿಮೆ. ದರ ಏರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಸಾಲದ ವಿಷಯದಲ್ಲಿ ರಾಜ್ಯದ ನೆರವು ದೊಡ್ಡದು. ಸಹಕಾರ ಸಂಘಗಳ ಬಡ್ಡಿರಹಿತ ಬೆಳೆಸಾಲದ ಮಿತಿ 2023–24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸೊಸೈಟಿಯಲ್ಲಿ ಅಷ್ಟು ಸಾಲ ಎಲ್ಲರಿಗೂ ಸಿಗುವುದಿಲ್ಲ, ಬೆಳೆ ಮತ್ತು ಎಕರೆಗೆ ತಕ್ಕ ಲೆಕ್ಕವೇ ನಡೆಯುತ್ತದೆ. ರೈತನ ಪರವಾಗಿ ಬಡ್ಡಿ ಕಟ್ಟುವುದು ರಾಜ್ಯ ಸರ್ಕಾರ. ಗಡುವು ಮೀರಿದರೆ ಆ ಸೌಲಭ್ಯ ತಪ್ಪಿ ಬಡ್ಡಿ ನಿಮ್ಮ ತಲೆಗೇ ಬರುತ್ತದೆ. ಗಡುವಿನ ದಿನಾಂಕವನ್ನು ಕಾರ್ಯದರ್ಶಿಯಿಂದ ಬರೆಸಿಕೊಂಡು ಇಟ್ಟುಕೊಳ್ಳಿ.

ಇಷ್ಟೆಲ್ಲ ಪಹಣಿ ಇದ್ದವರ ಮಾತು. ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು, ವಾರಕ್ಕೋ ಗುತ್ತಿಗೆಗೋ ಮಾಡುವವರು ಈ ಬಾಗಿಲುಗಳ ಹೊರಗೇ ಉಳಿದಿದ್ದಾರೆ. ಗೇಣಿದಾರರೂ ಫಸಲ್ ಬಿಮಾ ಕಟ್ಟಬಹುದೆಂದು ನಿಯಮ ಹೇಳುತ್ತದೆ. ಆದರೆ ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರ ತಿದ್ದುಪಡಿಯ ನಂತರ ಕೃಷಿ ಜಮೀನು ಗೇಣಿಗೆ ಕೊಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿದೆ. ಜಮೀನು ಹೋದೀತೆಂಬ ಭಯಕ್ಕೆ ಮಾಲೀಕರು ಕರಾರು ಬರೆದುಕೊಡುವುದಿಲ್ಲ. ರಾಗಿ ಬೆಳೆದವರೊಬ್ಬರು, ಪರಿಹಾರ ಪಡೆಯುವವರು ಇನ್ನೊಬ್ಬರು ಆಗುವುದು ಹೀಗೆ. ಇದು ಸರಿಹೋಗಬೇಕಾದರೆ ಕಾನೂನೇ ಬದಲಾಗಬೇಕು.

ಅಲ್ಲಿಯವರೆಗೆ ಪಹಣಿ ಕೇಳದ ನೆರವುಗಳನ್ನಾದರೂ ಇವರು ಬಿಡಬಾರದು. ಡೇರಿಗೆ ಹಾಕುವ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ನಮ್ಮ ಜಿಲ್ಲೆ ಹಾಸನ ಹಾಲು ಒಕ್ಕೂಟಕ್ಕೆ ಸೇರಿದ್ದು. ಈ ಹಣ ಒಕ್ಕೂಟದ ಬಟವಾಡೆಯ ಜೊತೆ ಬರದೆ ಖಜಾನೆಯಿಂದ ಬೇರೆಯಾಗಿ, ಹಲವು ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಹುಡುಕಿ ನೋಡಿ. ಕುರಿ, ಮೇಕೆ, ರಾಸು ಸತ್ತರೆ ‘ಅನುಗ್ರಹ’ ಯೋಜನೆಯ ಪರಿಹಾರವಿದೆ. 2025–26ರ ಬಜೆಟ್ ಇದನ್ನು ಹಸು, ಎತ್ತು, ಎಮ್ಮೆಗೆ 15,000, ಕುರಿ ಮೇಕೆಗೆ 7,500 ರೂಪಾಯಿಗೆ ಏರಿಸಿತು. ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ ತೋರಿಸುವುದು ಕಡ್ಡಾಯ. ದುಃಖದಲ್ಲಿ ಗಡಿಬಿಡಿಯಿಂದ ಹೂತುಬಿಟ್ಟರೆ ಅರ್ಜಿಗೆ ಆಧಾರವೇ ಇರುವುದಿಲ್ಲ.

ಊರಲ್ಲೇ ಸಣ್ಣ ಉದ್ಯಮ ಮಾಡುವವರಿಗೆ ಎರಡು ದಾರಿ. ರಾಗಿ ಮಾಲ್ಟ್, ಕೊಬ್ಬರಿ ಎಣ್ಣೆ ಗಾಣ, ಹಪ್ಪಳ, ಮಸಾಲೆ ಪುಡಿಯಂಥ ಆಹಾರ ತಯಾರಿಕೆಯಾದರೆ ಪಿಎಂಎಫ್‌ಎಂಇ. ಈ ಕೇಂದ್ರ ಯೋಜನೆಯ ಶೇಕಡ 35 ಸಹಾಯಧನಕ್ಕೆ ರಾಜ್ಯ ಹೆಚ್ಚುವರಿಯಾಗಿ ಶೇಕಡ 15 ಸೇರಿಸುವುದರಿಂದ ಕರ್ನಾಟಕದಲ್ಲಿ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಿಗುತ್ತದೆ. ಕೆಪೆಕ್ ಸಂಸ್ಥೆ ನಡೆಸುವ ಈ ಯೋಜನೆಗೆ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಯೋಜನಾ ವರದಿ ಬರೆಯಲು ನೆರವಾಗುವುದೇ ಅವರ ಕೆಲಸ, ಅವರಿಗೆ ನೀವು ಶುಲ್ಕ ಕೊಡಬೇಕಿಲ್ಲ. ನಾರಿನ ಹಗ್ಗ, ವೆಲ್ಡಿಂಗ್, ಟೈಲರಿಂಗ್ ತರಹದ್ದಾದರೆ ಪಿಎಂಇಜಿಪಿ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಶೇಕಡ 35 ಸಹಾಯಧನ. ಎರಡರಲ್ಲೂ ಸಾಲ ಮಂಜೂರು ಮಾಡುವುದು ಬ್ಯಾಂಕು, ಆದ್ದರಿಂದ ಅರ್ಜಿಗೆ ಮೊದಲೇ ವ್ಯವಸ್ಥಾಪಕರನ್ನು ಕಂಡು ಮಾತಾಡಿ, ಹಳೆಯ ಸಾಲದ ಬಾಕಿ ಇದ್ದರೆ ತೀರಿಸಿ. ಪಿಎಂಇಜಿಪಿಯ ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿದ್ದು, ಘಟಕ ನಿಜವಾಗಿ ನಡೆಯುತ್ತಿದೆಯೆಂದು ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ ಮೂರು ವರ್ಷ ಕಂತು ತಪ್ಪದಂತೆ ಕಟ್ಟುವಷ್ಟು ವ್ಯಾಪಾರ ಆದೀತೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ, ಆಮೇಲೆ ಅರ್ಜಿ ಹಾಕಿ.