ಕುಬ್ಜವೃಕ್ಷಕ್ಕೆ ತಕ್ಕ ಕುಂಡ

‘ಬೋನ್ಸಾಯ್’ ಎಂಬ ಜಪಾನೀ ಮಾತಿನಲ್ಲಿ ಗಿಡಕ್ಕಿಂತ ಮೊದಲು ಬರುವುದು ಕುಂಡ. ‘ಬೋನ್’ ಎಂದರೆ ಹರಿವಾಣದಂಥ ಪಾತ್ರೆ, ‘ಸಾಯ್’ ಎಂದರೆ ನೆಟ್ಟದ್ದು. ಜಪಾನೀಯರಿಗಿಂತ ಮುಂಚೆಯೇ ಚೀನೀಯರು ಈ ಕಲೆಯನ್ನು ಬಲ್ಲವರಾಗಿದ್ದರು. ಕ್ರಿ.ಶ. 706ರ ಟಾಂಗ್ ರಾಜಕುಮಾರನೊಬ್ಬನ ಗೋರಿಯ ಭಿತ್ತಿಚಿತ್ರದಲ್ಲಿ, ಪುಟ್ಟ ಗಿಡ-ಕಲ್ಲುಗಳನ್ನಿಟ್ಟ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕರ ಚಿತ್ರವಿದೆ. ಇಷ್ಟಾದರೂ ಈ ಹವ್ಯಾಸಕ್ಕೆ ಕೈಹಾಕುವ ನಮ್ಮವರು ಗಿಡವನ್ನು ಹತ್ತು ಕಡೆ ಹುಡುಕಿ ತರುತ್ತಾರೆ. ಕುಂಡವನ್ನು ಮಾತ್ರ ಕಣ್ಣಿಗೆ ಚೆಂದ ಕಂಡೊಡನೆ ಕೊಂಡುಬಿಡುತ್ತಾರೆ. ಗಿಡ ಒಣಗಿದಾಗ ದೂರು ಬಿಸಿಲಿನ ಮೇಲೆ!

ಹುಬ್ಬಳ್ಳಿಯ ಬಳಿಯ ಸುಳ್ಳದಂಥ ಎರೆನೆಲದ ಊರಿನಲ್ಲಿ ಗಿಡಕ್ಕೇನೂ ಬರವಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಗೋಡೆಯ ಬಿರುಕಿನಲ್ಲಿ, ಬಾವಿಕಟ್ಟೆಯ ಸಂದಿನಲ್ಲಿ, ಹಕ್ಕಿ ಉದುರಿಸಿದ ಬೀಜದಿಂದ ಆಲವೋ ಅರಳಿಯೋ ಬಸರಿಯೋ ತಲೆಯೆತ್ತಿರುತ್ತದೆ. ಹಿಡಿ ಮಣ್ಣಿಲ್ಲದೆ ಬದುಕಬಲ್ಲ ಈ ಜಾತಿಗಳೇ ನಮ್ಮ ಸೀಮೆಯ ಬೋನ್ಸಾಯ್‌ಗೆ ಹೇಳಿಮಾಡಿಸಿದವು. (ಅರಳಿಯನ್ನು ಮನೆಯಲ್ಲಿ ಬೆಳೆಸಕೂಡದೆನ್ನುವ ಹಿರಿಯರಿದ್ದರೆ, ಅವರೊಡನೆ ವಾದಕ್ಕಿಳಿಯುವುದಕ್ಕಿಂತ ಹುಣಸೆಯನ್ನೋ ದಾಳಿಂಬೆಯನ್ನೋ ಆರಿಸಿಕೊಳ್ಳುವುದು ಮೇಲು.) ತೊಡಕಿರುವುದು ಮಣ್ಣಿನಲ್ಲಿ. ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಹೊಲದಲ್ಲಿ ಹತ್ತಿಯ ಬೇರು ಆಳಕ್ಕಿಳಿದು ಪಾರಾಗಬಹುದು. ಎರಡಂಗುಲದ ಕುಂಡದೊಳಗಿನ ಬೇರಿಗೆ ಎಡೆಯೆಲ್ಲಿ? ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತು ನಾಲ್ಕು ದಿನದಲ್ಲಿ ಬಿರಿಯುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ. ಕುಂಡ ಎಷ್ಟೇ ಒಳ್ಳೆಯದಿರಲಿ, ಅದರೊಳಗೆ ಬರಿಯ ಎರೆಮಣ್ಣು ಸಲ್ಲದು. ಇಟ್ಟಿಗೆಯ ಚೂರು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವೇ ಅಲ್ಲಿ ಪ್ರಧಾನವಾಗಿರಬೇಕು.

ಆಳವಿಲ್ಲದ ಕುಂಡ ಬೇಗ ಒಣಗುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಮನೆಯಲ್ಲಿ ಒಂದು ಸ್ಪಂಜನ್ನು ನೀರಿನಲ್ಲಿ ತೋಯಿಸಿ ಅಡ್ಡಲಾಗಿ ಹಿಡಿದು ನೋಡಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತಷ್ಟು ನೀರು ಇಳಿಯುತ್ತದೆ. ಮಣ್ಣಿನ ಎತ್ತರ ಹೆಚ್ಚಿದ್ದಲ್ಲಿ ನೀರು ಚೆನ್ನಾಗಿ ಬಸಿಯುವುದು. ತಟ್ಟೆಯಂಥ ಕುಂಡದಲ್ಲಿ ತಳದ ಪದರ ಬಹಳ ಹೊತ್ತು ತೊಯ್ದೇ ಇರುವುದು. ಆದ್ದರಿಂದ ಅಂಥ ಕುಂಡದಲ್ಲಿ ಬೇಸಗೆಯ ಬಾಯಾರಿಕೆ ಒಂದು ಭಯವಾದರೆ, ಆಷಾಢ-ಶ್ರಾವಣದ ಜಡಿಮಳೆಯಲ್ಲಿ ಬೇರು ಕೊಳೆಯುವುದು ಇನ್ನೊಂದು ಭಯ. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ಎರಡಾದರೂ ತೂತುಗಳು, ತೂತಿಗೆ ನೆಲ ತಾಗದಂತೆ ಕೆಳಗೆ ಕಾಲುಗಳು, ಇವಿಲ್ಲದ ಕುಂಡವನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು.

ಅಳತೆಯ ವಿಷಯದಲ್ಲಿ ಜಪಾನೀಯರ ರೂಢಿ ಸರಳವಾದದ್ದು. ಬುಡದಲ್ಲಿ ಕಾಂಡ ಎಷ್ಟು ದಪ್ಪವೋ ಕುಂಡ ಅಷ್ಟು ಆಳ. ಗಿಡ ಎಷ್ಟು ಎತ್ತರವೋ ಅದರ ಮೂರರಲ್ಲಿ ಎರಡು ಪಾಲು ಕುಂಡದ ಉದ್ದ. 18 ಅಂಗುಲದ ಗಿಡಕ್ಕೆ 12 ಅಂಗುಲದ ಕುಂಡವೆಂದಾಯಿತು. ಎತ್ತರಕ್ಕಿಂತ ಹರವೇ ಹೆಚ್ಚಾಗಿರುವ ಗಿಡವಾದರೆ ಹರವನ್ನೇ ಅಳೆಯಬೇಕು. ನಮ್ಮ ಬಿಸಿಲಿಗೆ ಆಳವನ್ನು ಅರ್ಧ ಅಂಗುಲ ಹೆಚ್ಚಿಸಿಕೊಂಡರೆ ತಪ್ಪಿಲ್ಲ. ಬಿಳಲು ಬಿಟ್ಟು ಗಟ್ಟಿಯಾಗಿ ನಿಂತ ಆಲಕ್ಕೆ ಆಯತಾಕಾರದ, ಮಣ್ಣಿನ ಬಣ್ಣದ ಕುಂಡ ಒಪ್ಪುತ್ತದೆ. ಬಳುಕುವ ಕಾಂಡದ ದಾಳಿಂಬೆಗೆ, ಕಾಗದದ ಹೂವಿನ ಗಿಡಕ್ಕೆ ಅಂಡಾಕಾರದ, ನೀಲಿಯೋ ಕೆನೆಬಣ್ಣವೋ ಇರುವ ಮೆರುಗಿನ ಕುಂಡ. ಮೆರುಗು ಹೊರಗಿರಲಿ, ಒಳಮೈಗೆ ಬೇಡ. ಬಂಗಾರದ ಬಣ್ಣದಲ್ಲಿ ಡ್ರ್ಯಾಗನ್ ಬರೆದ ಕುಂಡಗಳು ಅಂಗಡಿಗಳಲ್ಲಿ ಥಳಥಳಿಸುತ್ತಿರುತ್ತವೆ. ಗಿಡವನ್ನು ನೋಡಬಂದವರು ಕುಂಡವನ್ನು ನೋಡಿ ಹೋಗಲೆಂದು ಬಯಸುವವರು ಅವನ್ನು ಕೊಳ್ಳಬಹುದು.

ಜಪಾನಿನ ಟೊಕೊನಾಮೆಯ ಕುಂಡಗಳು ಜಗತ್ಪ್ರಸಿದ್ಧ. ಅವು ಹೆಚ್ಚಿನ ಕಾವಿನಲ್ಲಿ ಬೆಂದು ಕಲ್ಲಿನಂತಾದವು. ಮೆರುಗಿಲ್ಲದಿದ್ದರೂ ನೀರನ್ನು ಹೀರುವುದಿಲ್ಲ. ನಮ್ಮ ಕುಂಬಾರರ ಆವಿಗೆಯಲ್ಲಿ ಬೆಂದದ್ದರ ಗುಣ ಬೇರೆ. ಹರವಿಯ ನೀರು ತಣ್ಣಗಾಗುವಂತೆ, ಕುಂಡದ ಮೈಯಿಂದ ನೀರು ಜಿನುಗಿ ಆರುತ್ತ ಬೇರನ್ನು ತಂಪಾಗಿಡುತ್ತದೆ. ಚೈತ್ರ-ವೈಶಾಖಗಳಲ್ಲಿ ಇದು ದೊಡ್ಡ ಉಪಕಾರ. ಅದಕ್ಕೆ ಪ್ರತಿಯಾಗಿ ದಿನಕ್ಕೆರಡು ಬಾರಿ ನೀರುಣಿಸಬೇಕಾದೀತು. ಏಟು ಬಿದ್ದರೆ ಒಡೆಯುವುದೂ ಉಂಟು. ಆದರೂ ಹೊಸಬರಿಗೆ ನಾನು ಸೂಚಿಸುವುದು ಇದನ್ನೇ. ಬೆಳಗಾವಿ ಜಿಲ್ಲೆಯ ಖಾನಾಪುರದ ಕೆಂಪುಮಣ್ಣಿನ ಕುಂಬಾರಿಕೆ ಹೆಸರಾದುದು. ಆ ಕಡೆ ಹೋದವರು ವಿಚಾರಿಸಬಹುದು. ಊರ ಕುಂಬಾರರಿಗೆ ಹೇಳಿ ಮಾಡಿಸುವುದಾದರೆ ಒಂದು ಮಾತನ್ನು ಮರೆಯಬಾರದು: ಬಾಯಿ ಒಳಕ್ಕೆ ಬಾಗಿರಬಾರದು. ಬಾಗಿದ್ದರೆ ಬೇರು ತುಂಬಿದ ಮೇಲೆ ಗಿಡವನ್ನು ಹೊರತೆಗೆಯಲು ಕುಂಡವನ್ನೇ ಒಡೆಯಬೇಕಾಗುತ್ತದೆ. ಸಿಮೆಂಟಿನ ಕುಂಡವಾದರೆ ಹೊಸದರಲ್ಲಿ ಸುಣ್ಣ ಬಿಡುವುದರಿಂದ ಕೆಲವು ವಾರ ನೀರು ಬದಲಿಸುತ್ತ ನೆನೆಯಿಡುವುದು ಅವಶ್ಯ.

ನೂರಾರು ಗಿಡಗಳನ್ನು ಒಂದೆಡೆ ನೋಡಬಯಸುವವರಿಗೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನವಿದೆ. ಅಲ್ಲಿ ಗಿಡದಿಂದ ಒಮ್ಮೆ ಕಣ್ಣನ್ನು ಕೆಳಗಿಳಿಸಿ, ಯಾವ ಕಾಂಡಕ್ಕೆ ಯಾವ ಕುಂಡ ಕೊಟ್ಟಿದ್ದಾರೆಂಬುದನ್ನು ಗಮನಿಸಿದರೆ ಪುಸ್ತಕಗಳಿಗಿಂತ ಹೆಚ್ಚು ತಿಳಿದೀತು.

ಗೋಡೆಯಿಂದ ಕಿತ್ತ ಸಸಿಯನ್ನು ನೇರವಾಗಿ ತೆಳುಕುಂಡಕ್ಕೆ ಏರಿಸುವ ಆತುರ ಬೇಡ. ಕಾಂಡ ದಪ್ಪವಾಗಬೇಕಾದರೆ ಬೇರು ಹಬ್ಬಲು ಜಾಗ ಬೇಕು. ಕೆಲವು ವರ್ಷ ಅಗಲವಾದ ಸಾದಾ ಕುಂಡದಲ್ಲಿ ಬೆಳೆಯಲಿ. ಆಲ-ಅರಳಿಗಳ ಕುಂಡ ಬದಲಿಸಲು ಮಣ್ಣೆತ್ತಿನ ಅಮಾವಾಸ್ಯೆಯ ಸುಮಾರಿನ ದಿನಗಳೇ ಅನುಕೂಲ. ಗಾಳಿಯಲ್ಲಿ ತೇವವಿರುತ್ತದೆ, ಬೇರೂ ಬೇಗ ಚಿಗುರುತ್ತದೆ. ತೂತಿನ ಮೇಲೆ ಜಾಲರಿಯ ತುಂಡನ್ನಿಟ್ಟು, ತಳದಿಂದ ತಾಮ್ರದ ತಂತಿ ತೂರಿಸಿ ಗಿಡ ಅಲುಗದಂತೆ ಬಿಗಿಯಿರಿ. ಮೊದಲ ಎರಡು-ಮೂರು ವಾರ ನೆರಳಿನಲ್ಲಿರಲಿ, ಗೊಬ್ಬರ ಬೇಡ. ಹೊಸ ಎಲೆ ಬಿಚ್ಚಿಕೊಂಡ ಮೇಲೆ ಮೊದಲು ಬೆಳಗಿನ ಎಳೆಬಿಸಿಲಿಗೆ ತನ್ನಿ.