ಸತ್ತವರು ಮತ್ತು ಸತ್ತಂತೆ ಕಾಣುವವರು

ಅಂಗಾಂಗ ಕಸಿಯ ಬಗ್ಗೆ ವೈದ್ಯರಿಗೆ ಆಗಾಗ ಸಿಎಂಇ ನಡೆಯುತ್ತದೆ. ಓದು ಮುಗಿಸಿ ವೃತ್ತಿಗಿಳಿದವರು ಹೊಸದನ್ನು ಕಲಿಯಲು, ಹಳೆಯದನ್ನು ತಿದ್ದಿಕೊಳ್ಳಲು ಇರುವ ನಿರಂತರ ವೈದ್ಯಕೀಯ ಶಿಕ್ಷಣದ ಶಿಬಿರ ಅದು. ಅಂಥ ಶಿಬಿರಗಳ ಬ್ಯಾನರಿನ ಮೇಲೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಚಿತ್ರ ಇರುವುದು ವಾಡಿಕೆ. ಬೆಳಗಾವಿ, ಧಾರವಾಡ, ಕಾರವಾರದ ಕಡೆ ನಡೆಯುವ ಶಿಬಿರಗಳಲ್ಲಾದರೂ ಒಂದು ಹಾವಿನ ಚಿತ್ರವೂ ಇರಬೇಕೆಂಬುದು ನನ್ನ ವಾದ. ಯಾಕೆಂದು ತಿಳಿಯಬೇಕಾದರೆ ಅಣಶಿಯಿಂದ ಶುರುಮಾಡಬೇಕು.

ಕಾರವಾರದಿಂದ ಕದ್ರಾ ದಾಟಿ ಘಟ್ಟ ಹತ್ತಿದರೆ ಸಿಗುವ ಅಣಶಿ, ಜೋಯಿಡಾ ತಾಲ್ಲೂಕಿನ ಊರು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜತೆ ಸೇರಿ ಹುಲಿ ಯೋಜನೆಗೆ ಬಂತು, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಪಡೆಯಿತು. ಇಲ್ಲಿಗೆ ಬರುವ ಪ್ರವಾಸಿಗರ ಕಣ್ಣು ಹುಡುಕುವುದು ಕಪ್ಪು ಚಿರತೆಯನ್ನು, ಕಾಳಿಂಗ ಸರ್ಪವನ್ನು. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದೇ ವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ಕಾಳಿಂಗ ಮನುಷ್ಯರನ್ನು ಕಚ್ಚುವುದು ಬಲು ಅಪರೂಪ. ಆಸ್ಪತ್ರೆಯ ಮಟ್ಟಿಗೆ ಅದಕ್ಕಿಂತ ಗಂಭೀರವಾದದ್ದು ಮನೆಯಂಚಿನ ಕಟ್ಟುಹಾವು. ಮಿರುಗುವ ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟೆ, ಒಂದು ಮೀಟರಿನಷ್ಟು ಉದ್ದ. ಇಲಿಬಿಲ, ಕಟ್ಟಿಗೆ ರಾಶಿ, ಕಲ್ಲುಸಂದಿಗಳಲ್ಲಿ ಹಗಲು ಕಳೆದು ಇರುಳಿಗೆ ಹೊರಬೀಳುತ್ತದೆ. ನೆಲಕ್ಕೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ.

ಕಚ್ಚಿದ್ದು ಅನೇಕ ಸಲ ಗೊತ್ತೇ ಆಗುವುದಿಲ್ಲ. ಊತವಿಲ್ಲ, ಉರಿಯಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವರ ರೆಪ್ಪೆ ಸ್ವಲ್ಪ ಹೊತ್ತಿಗೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಆಮೇಲೆ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯುಗಳು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಚಿಮ್ಮಿದರೆ ಮಾತ್ರ ಸ್ನಾಯು ಕುಗ್ಗುತ್ತದೆ. ಕಟ್ಟುಹಾವಿನ ವಿಷದಲ್ಲಿರುವ ಬೀಟಾ-ಬಂಗಾರೊಟಾಕ್ಸಿನ್ ಆ ತುದಿಯನ್ನೇ ಹಾಳುಗೆಡವುತ್ತದೆ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಪ್ರತಿವಿಷ ಹಿಡಿದೀತು, ಆದರೆ ಹಾಳಾದ ತುದಿಗಳನ್ನು ರಿಪೇರಿ ಮಾಡಲಾರದು. ಅವು ತಾವಾಗಿಯೇ ಮತ್ತೆ ಬೆಳೆಯಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅಲ್ಲಿಯವರೆಗೆ ರೋಗಿಯ ಉಸಿರು ವೆಂಟಿಲೇಟರಿನ ಪಾಲು.

ಅಣಶಿ ಆಸುಪಾಸಿನಿಂದ ವೆಂಟಿಲೇಟರಿಗೆ ದಾರಿ ದೂರ. ಕಾಡಿನ ನಡುವೆ ಚದುರಿದ ಕುಣಬಿ ಸಮುದಾಯದ ಮನೆಗಳು, ಸಿಕ್ಕರೆ ಸಿಕ್ಕಿತೆಂಬ ನೆಟ್‌ವರ್ಕು, ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದಾಗುವ ಘಟ್ಟದ ರಸ್ತೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಇಲ್ಲಿನ ಗಂಭೀರ ರೋಗಿಗಳು ಹೊರಡುವುದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ, ಇಲ್ಲವೇ ಗೋವಾದ ಬಾಂಬೋಳಿಗೆ. ಹೀಗೆ ಕಟ್ಟುಹಾವು ಕಚ್ಚಿದವರು ಎರಡು-ಮೂರು ಆಸ್ಪತ್ರೆ ದಾಟಿ ಐಸಿಯು ತಲುಪುವ ಹೊತ್ತಿಗೆ ಹೇಗಿರುತ್ತಾರೆ? ಕರೆದರೆ ಓಗೊಡುವುದಿಲ್ಲ. ಚುಚ್ಚಿದರೆ ಅಲುಗುವುದಿಲ್ಲ. ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಕುಗ್ಗುವುದಿಲ್ಲ. ಸ್ವಂತ ಉಸಿರಿಲ್ಲ. ಹಾವಿನ ಸುದ್ದಿ ಗೊತ್ತಿರದ ವೈದ್ಯರ ಕಣ್ಣಿಗೆ ಅದು ಥೇಟ್ ಮಿದುಳು ಸಾವು.

ಆದರೆ ರೋಗಿ ಎಚ್ಚರವಾಗಿಯೇ ಇರಬಹುದು. ಹಾಸಿಗೆಯ ಪಕ್ಕ ಆಡುವ ಮಾತೆಲ್ಲ ಕಿವಿಗೆ ಬೀಳುತ್ತಿರಬಹುದು. ವಿಷ ಕೆಡಿಸಿದ್ದು ನರ-ಸ್ನಾಯು ಕೂಡುವ ಜಾಗವನ್ನು, ಮಿದುಳನ್ನಲ್ಲ. ತಂತಿ ಕಡಿದಿದ್ದಕ್ಕೆ ಬಲ್ಬು ಆರಿದರೆ ಕರೆಂಟೇ ಹೋಗಿದೆ ಎನ್ನಲಾಗದು. ಮಿದುಳು ಸತ್ತಂತೆ ಕಂಡ ಹಾವು ಕಡಿತದ ರೋಗಿಗಳು ಪೂರ್ತಿ ಚೇತರಿಸಿ ಮನೆಗೆ ನಡೆದುಹೋದ ಪ್ರಕರಣಗಳು ಭಾರತದ ಐಸಿಯುಗಳಿಂದಲೇ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ.

ಇದಕ್ಕೂ ಅಂಗಾಂಗ ಕಸಿಗೂ ಇರುವ ನಂಟು ನೇರವಾದದ್ದು. ಹೃದಯ, ಶ್ವಾಸಕೋಶಗಳ ದಾನ ನಮ್ಮಲ್ಲಿ ಸಾಧ್ಯವಾಗುವುದು ಮಿದುಳು ಸತ್ತು, ಎದೆಬಡಿತ ಇನ್ನೂ ಉಳಿದಿರುವ ಸಣ್ಣ ಅವಧಿಯಲ್ಲಿ. 1959ರಲ್ಲಿ ಇಬ್ಬರು ಫ್ರೆಂಚ್ ನರವೈದ್ಯರು, ಮೊಲಾರೆ ಮತ್ತು ಗುಲೋ, ಕೋಮಾವನ್ನೂ ಮೀರಿದ ಇಂಥದೊಂದು ಸ್ಥಿತಿಯನ್ನು ಮೊದಲು ವಿವರಿಸಿದರು. 1967ರ ಡಿಸೆಂಬರಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಕೇಪ್‌ಟೌನಿನಲ್ಲಿ ಮನುಷ್ಯನ ಹೃದಯ ಕಸಿ ಮಾಡಿದರು. ಮುಂದಿನ ಫೆಬ್ರವರಿಯಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಅದಕ್ಕೆ ಕೈಹಾಕಿದರು. ಆಗ ನಮ್ಮಲ್ಲಿ ಮಿದುಳು ಸಾವಿಗೆ ಕಾನೂನೇ ಇರಲಿಲ್ಲ. ಅದು ಬಂದದ್ದು 1994ರಲ್ಲಿ, ಮಾನವ ಅಂಗಾಂಗ ಕಸಿ ಕಾಯ್ದೆಯ ರೂಪದಲ್ಲಿ.

ಕಾಯ್ದೆಯ ಪ್ರಕಾರ ನೋಡಬೇಕಾದ್ದು ಮಿದುಳುಕಾಂಡವನ್ನು. ಎಚ್ಚರವನ್ನೂ ಉಸಿರನ್ನೂ ಆಳುವ, ಹೆಬ್ಬೆರಳಿನಷ್ಟು ದಪ್ಪದ ಆ ಕಾಂಡ ಸತ್ತಿದೆಯೆಂದು ನಾಲ್ವರು ವೈದ್ಯರು ಸೇರಿ ದೃಢಪಡಿಸಬೇಕು: ಆಸ್ಪತ್ರೆಯ ಮುಖ್ಯಸ್ಥ ವೈದ್ಯ, ರೋಗಿಗೆ ಚಿಕಿತ್ಸೆ ಕೊಡುತ್ತಿರುವವರು, ಒಬ್ಬ ಸ್ವತಂತ್ರ ತಜ್ಞ, ಒಬ್ಬ ನರತಜ್ಞ. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಪರೀಕ್ಷೆಯನ್ನು ಕನಿಷ್ಠ ಆರು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. 2011ರ ತಿದ್ದುಪಡಿ ಸಣ್ಣ ಊರುಗಳಿಗೆ ಒಂದು ಬಾಗಿಲು ತೆರೆಯಿತು: ನರತಜ್ಞರು ಸಿಗದ ಕಡೆ ಫಿಸಿಶಿಯನ್, ಸರ್ಜನ್, ಅರಿವಳಿಕೆ ತಜ್ಞರು ಆ ಜಾಗದಲ್ಲಿ ಕೂರಬಹುದು. ಒಳ್ಳೆಯ ತಿದ್ದುಪಡಿಯೇ. ಆದರೆ ಅದುವರೆಗೆ ನರತಜ್ಞರ ಕೈಯಲ್ಲಿದ್ದ ತೀರ್ಮಾನ, ವರ್ಷಕ್ಕೊಂದೆರಡು ಸಲ ಮಾತ್ರ ಈ ಪರೀಕ್ಷೆ ಮಾಡುವವರ ಕೈಗೂ ಬಂತು. ತರಬೇತಿಯ ಅಗತ್ಯ ಹೆಚ್ಚಿದ್ದು ಇಲ್ಲಿಯೇ.

ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ಪಾಪೆಗೆ ಬೆಳಕು ಬಿಡುತ್ತಾರೆ. ಕರಿಗುಡ್ಡೆಯನ್ನು ಹತ್ತಿಯ ಎಳೆಯಿಂದ ಮುಟ್ಟಿ ರೆಪ್ಪೆ ಮಿಟುಕುತ್ತದೆಯೇ ನೋಡುತ್ತಾರೆ. ಕಿವಿಯೊಳಗೆ ಸುಮಾರು 50 ಮಿ.ಲೀ. ಮಂಜುನೀರು ಬಿಟ್ಟು ಒಂದು ನಿಮಿಷ ಕಣ್ಣುಗಳನ್ನೇ ದಿಟ್ಟಿಸುತ್ತಾರೆ. ಮಿದುಳುಕಾಂಡ ಜೀವಂತವಿರುವ ಕೋಮಾ ರೋಗಿಯಲ್ಲಿ ಕಣ್ಣುಗುಡ್ಡೆ ನಿಧಾನಕ್ಕೆ ತಣ್ಣೀರಿನ ಕಡೆ ಸರಿಯುತ್ತದೆ. ಗಂಟಲಿಗೆ ನಳಿಕೆ ಇಳಿಸಿ ಕೆಮ್ಮು ಬರುತ್ತದೆಯೇ ಪರೀಕ್ಷಿಸುತ್ತಾರೆ. ಕೊನೆಯದು ಆಪ್ನಿಯಾ ಪರೀಕ್ಷೆ. ಮೊದಲು ಹತ್ತು ನಿಮಿಷ ಶುದ್ಧ ಆಮ್ಲಜನಕ ಕೊಟ್ಟು, ರಕ್ತದ ಮಾದರಿ ತೆಗೆದು, ವೆಂಟಿಲೇಟರನ್ನು ಕಳಚುತ್ತಾರೆ. ಶ್ವಾಸನಾಳದೊಳಗೆ ಇಳಿಬಿಟ್ಟ ಸಪೂರ ಕೊಳವೆಯಲ್ಲಿ ಆಮ್ಲಜನಕ ಹರಿಯುತ್ತಿರುತ್ತದೆ. ಹೊದಿಕೆ ಸರಿಸಿ ಎಂಟು-ಹತ್ತು ನಿಮಿಷ ಎದೆ-ಹೊಟ್ಟೆಗಳ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 60 ಮಿ.ಮೀ. ಮುಟ್ಟಿದರೂ ಒಂದೂ ಉಸಿರು ಏಳದಿದ್ದರೆ ಉಸಿರಿನ ಕೇಂದ್ರ ಸತ್ತಿದೆ ಎಂದು ಲೆಕ್ಕ.

ಈಗ ಇದನ್ನೇ ಕಟ್ಟುಹಾವು ಕಚ್ಚಿದವರ ಮೇಲೆ ಮಾಡಿ ನೋಡಿ. ಮಿಟುಕಲು ರೆಪ್ಪೆಯ ಸ್ನಾಯು ಬೇಕು, ಕಣ್ಣು ತಿರುಗಲು ಕಣ್ಣಿನ ಸ್ನಾಯು, ಕೆಮ್ಮಲು ಎದೆ-ಹೊಟ್ಟೆಯ ಸ್ನಾಯು, ಉಸಿರೆಳೆಯಲು ವಪೆ. ಎಲ್ಲವೂ ವಿಷದ ಹಿಡಿತದಲ್ಲಿ. ಉತ್ತರ ಹೇಳಬೇಕಾದ ಸ್ನಾಯುವೇ ಮೂಕವಾಗಿರುವಾಗ ಮಿದುಳಿಗೆ ಕೇಳಿದ ಪ್ರಶ್ನೆಗೆ ಅರ್ಥವಿಲ್ಲ.

ಅದಕ್ಕೇ ಪರೀಕ್ಷೆಗಿಂತ ಪರೀಕ್ಷೆಯ ಮುಂಚಿನ ಪ್ರಶ್ನೆಗಳು ದೊಡ್ಡವು. ನಿಯಮಗಳ ಪ್ರಕಾರ ತುಂಬಬೇಕಾದ ನಮೂನೆ 10ರಲ್ಲಿ ಅವೇ ಇವೆ. ಕೋಮಾಕ್ಕೆ ಖಚಿತ ಕಾರಣ ಗೊತ್ತಿದೆಯೇ? ಮದ್ಯ, ಮಂಪರು ಬರಿಸುವ ಔಷಧ, ಸ್ನಾಯು ಸಡಿಲಿಸುವ ಔಷಧ, ಮೈ ತಣ್ಣಗಾಗಿರುವುದು, ಚಯಾಪಚಯದ ಏರುಪೇರು, ಇವೆಲ್ಲ ಇಲ್ಲವೆಂದು ಖಾತ್ರಿ ಆಗಿದೆಯೇ? ಹಾವಿನ ವಿಷ ಎಂದು ಪ್ರತ್ಯೇಕವಾಗಿ ಬರೆದಿಲ್ಲ. ಬರೆಯುವುದು ಒಳ್ಳೆಯದೆಂದೇ ನನ್ನ ಅನಿಸಿಕೆ. ಸ್ನಾಯು ಮೂಕವಾಗಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಅರಿವಳಿಕೆ ತಜ್ಞರು ಬಳಸುವ, ಅಂಗೈಯಲ್ಲಿ ಹಿಡಿಸುವ ನರ ಪ್ರಚೋದಕ ಸಾಕು. ಮಣಿಕಟ್ಟಿನ ಬಳಿ ನರಕ್ಕೆ ಒಂದಾದ ಮೇಲೊಂದು ನಾಲ್ಕು ಸಣ್ಣ ಕರೆಂಟು ಕೊಟ್ಟರೆ ಹೆಬ್ಬೆರಳು ನಾಲ್ಕು ಸಲ ಅದುರಬೇಕು. ಅದುರದಿದ್ದರೆ ಅಲ್ಲಿಗೆ ನಿಲ್ಲಿಸಿ, ಕಾಯಬೇಕು. ಇಇಜಿ ಮಾಡಿದರೆ ಇಂಥ ರೋಗಿಯ ಮಿದುಳಿನ ಅಲೆಗಳು ಗೆಲುವಾಗಿ ಓಡುತ್ತಿರುವುದೂ ಕಾಣುತ್ತದೆ.

ಇಷ್ಟಾದರೂ ತೊಡಕು ಮುಗಿಯುವುದಿಲ್ಲ. ದಾರಿಯಲ್ಲೇ ಉಸಿರು ನಿಂತು, ಆಮ್ಲಜನಕವಿಲ್ಲದೆ ನಿಮಿಷಗಳು ಕಳೆದಿದ್ದರೆ ಮಿದುಳಿಗೆ ನಿಜವಾಗಿಯೂ ಏಟು ಬಿದ್ದಿರುತ್ತದೆ. ಆಗ ವಿಷದಿಂದಾದ ಸ್ನಾಯು ನಿಶ್ಚಲತೆಯ ಮರೆಯಲ್ಲಿ ನಿಜವಾದ ಮಿದುಳು ಸಾವೂ ಇರಬಹುದು, ಇರದೆಯೂ ಹೋಗಬಹುದು. ಹಾಸಿಗೆಯ ಪಕ್ಕದ ಪರೀಕ್ಷೆ ಎರಡನ್ನೂ ಬೇರ್ಪಡಿಸಲಾರದು. ಮಿದುಳಿಗೆ ರಕ್ತ ಹರಿಯುತ್ತಿದೆಯೇ ಎಂದು ತೋರಿಸುವ ಸ್ಕ್ಯಾನು ಬೇಕು, ಇಲ್ಲವೇ ಸಮಯ ಬೇಕು.

ಇದನ್ನೆಲ್ಲ ಕಲಿಸಬೇಕಾದ್ದು ಆರಂಭದಲ್ಲಿ ಹೇಳಿದ ಸಿಎಂಇ ಶಿಬಿರಗಳಲ್ಲಿ. ವೈದ್ಯರು ಐದು ವರ್ಷಕ್ಕೆ 30 ಗಂಟೆಗಳಷ್ಟು ನಿರಂತರ ಶಿಕ್ಷಣ ಪಡೆಯಬೇಕು ಎನ್ನುತ್ತವೆ ಆಗಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು. ವರ್ಷಕ್ಕೆ ಆರು ಗಂಟೆ, ಅಂದರೆ ಒಂದು ಭಾನುವಾರ. ಆ ಭಾನುವಾರದಲ್ಲಿ ಕಸಿ ಸರ್ಜನ್ನರ ಹೊಸ ಹೊಲಿಗೆಯ ವಿಡಿಯೊ ನೋಡಿ ಊಟ ಮುಗಿಸಿ, ಸಹಿ ಹಾಕಿ ಬಂದರೆ ಕ್ರೆಡಿಟ್ ಅವರ್ ಸಿಗುತ್ತದೆ. ಆದರೆ ಜಿಲ್ಲಾಮಟ್ಟದ ಐಸಿಯು ವೈದ್ಯರು ಹೃದಯ ಹೊಲಿಯಲು ಹೋಗುವುದಿಲ್ಲ. ಅವರ ಪಾಲಿಗೆ ಬರುವುದು ಬೇರೆ ಕೆಲಸ. ಮಿದುಳು ಸತ್ತೊಡನೆ ಪಿಟ್ಯೂಟರಿ ಗ್ರಂಥಿ ಕೈಕೊಟ್ಟು, ಮೂತ್ರ ಲೀಟರುಗಟ್ಟಲೆ ಹರಿಯತೊಡಗುತ್ತದೆ. ಸೋಡಿಯಂ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೈ ತಣ್ಣಗಾಗುತ್ತದೆ. ಅದನ್ನು ಗಂಟೆಗಟ್ಟಲೆ ತಿದ್ದುತ್ತಾ ಇರದಿದ್ದರೆ ಕುಟುಂಬ ಒಪ್ಪಿದರೂ ದಾನಕ್ಕೆ ಅಂಗವೇ ಉಳಿಯದು. ಒಮ್ಮೊಮ್ಮೆ ಬೆನ್ನುಹುರಿಯ ಪ್ರತಿಕ್ರಿಯೆಯಿಂದ ಮೃತರ ಕೈ ತಾನಾಗಿ ಮೇಲೇಳುತ್ತದೆ. ಅದನ್ನು ಕಂಡು "ಜೀವ ಇದೆ ಡಾಕ್ಟ್ರೇ" ಎಂದು ಕೂಗುವ ಮನೆಯವರಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಬೇಕು. ಇವನ್ನು ಉಪನ್ಯಾಸ ಕೇಳಿ ಕಲಿಯಲಾಗದು. ಬೊಂಬೆಯ ಮೇಲೆ ವೆಂಟಿಲೇಟರ್ ಕಳಚಿ, ಎದುರಿಗೆ ಒಬ್ಬರನ್ನು ಮನೆಯವರಂತೆ ಕೂರಿಸಿ ಕಲಿಯಬೇಕು.

ಮನೆಯವರ ಗೊಂದಲಕ್ಕೆ ಅವರನ್ನು ದೂರುವಂತಿಲ್ಲ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಾಗ ನಾಡೇ ಅದನ್ನು ಅನುಭವಿಸಿತು. ಮಿದುಳು ನಿಷ್ಕ್ರಿಯ ಎಂಬ ಸುದ್ದಿ ಬಂದ ಸೋಮವಾರವೇ ಶ್ರದ್ಧಾಂಜಲಿಗಳು ಹರಿದವು, ಆಮೇಲೆ 'ಇನ್ನೂ ಉಸಿರಿದೆ' ಎಂಬ ತಿದ್ದುಪಡಿ, ಮಂಗಳವಾರ ಸಾವಿನ ಘೋಷಣೆ. ಕುಟುಂಬ ಅಂಗಾಂಗ ದಾನ ಮಾಡಿತು. ಮಿದುಳು ಸಾವು ಸಾವೇ ಎಂದು ಕಾನೂನು ಹೇಳಿ ಆಗಲೇ 27 ವರ್ಷವಾಗಿತ್ತು.

ಕರ್ನಾಟಕದಲ್ಲಿ ಅಂಗ ಹಂಚಿಕೆಯನ್ನು ಈಗ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. 2023ರಲ್ಲಿ ರಾಜ್ಯದಲ್ಲಿ 178 ಮೃತ ದಾನಿಗಳು. ದೇಶದಲ್ಲಿ ಅವರ ಸಂಖ್ಯೆ ಮೊದಲ ಸಲ ಸಾವಿರ ದಾಟಿದ್ದೂ ಅದೇ ವರ್ಷ. ಧಾರವಾಡ-ಬೆಳಗಾವಿ ರಸ್ತೆಯಲ್ಲಿ ಪೊಲೀಸರು ದಾರಿ ಬಿಡಿಸಿ ಹೃದಯ ಸಾಗಿಸುವುದು ಈಗ ಕಥೆಯಲ್ಲ. ಹೊರತೆಗೆದ ಹೃದಯಕ್ಕೆ ಇರುವುದು ಸುಮಾರು ನಾಲ್ಕು ಗಂಟೆ, ಆ ದಾರಿ ಅದರೊಳಗೆ ಮುಗಿಯುತ್ತದೆ. ಇಷ್ಟು ಬೆಳೆದಿರುವುದು ಜನರ ನಂಬಿಕೆಯಿಂದ. ಬದುಕಿದ್ದ ಒಬ್ಬರನ್ನು ಸತ್ತರೆಂದು ಎಲ್ಲಿಯೋ ಬರೆದುಬಿಟ್ಟರೆ ಘಟ್ಟದ ಮೇಲಿನ ಯಾವ ಊರಿನಲ್ಲೂ ಮುಂದೆ ಹತ್ತು ವರ್ಷ ದಾನದ ಮಾತು ಎತ್ತುವಂತಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪಟ್ಟಿ ಸರಿ, ಆದರೆ ಕಟ್ಟುಹಾವಿನ ಕಡಿತ ಕಡಿತವೆಂದೇ ಗೊತ್ತಾಗದಿದ್ದರೆ ವರದಿ ಯಾರು ಮಾಡಿಯಾರು? ಹಾಗಾಗಿ ತರಬೇತಿಯನ್ನು ಬೆಳಗಾವಿಯ ಐಸಿಯುವಿನಿಂದಲ್ಲ, ಜೋಯಿಡಾದ ರೆಫರಲ್ ಚೀಟಿಯಿಂದ ಆರಂಭಿಸುವುದು ವಾಸಿ. ರೋಗಿ ರಾತ್ರಿ ನೆಲದ ಮೇಲೆ ಮಲಗಿದ್ದರೇ, ಬೆಳಿಗ್ಗೆ ಹೊಟ್ಟೆನೋವಿತ್ತೇ, ಮೊದಲು ಜೋತದ್ದು ರೆಪ್ಪೆಯೇ, ಪ್ರತಿವಿಷದ ಎಷ್ಟು ಸೀಸೆ ಎಷ್ಟು ಹೊತ್ತಿಗೆ ಹೋಯಿತು, ನಳಿಕೆ ಹಾಕುವಾಗ ಸ್ನಾಯು ಸಡಿಲಿಸುವ ಯಾವ ಔಷಧ ಕೊಟ್ಟರು, ಉಸಿರು ನಿಂತು ಎಷ್ಟು ನಿಮಿಷವಾಗಿತ್ತು. ಆರು ಸಾಲು, ಓದಲು ಬರುವ ಅಕ್ಷರದಲ್ಲಿ, ಆಂಬುಲೆನ್ಸ್ ಹೊರಡುವ ಮುಂಚೆ.